ಬೆರಕೆ ಸೊಪ್ಪು

ಅಡುಗೆಮನೆಯಲ್ಲಿ ನಿಂತು ತತ್ತ್ವವಿಚಾರ ಮಾಡುವವರನ್ನು ಕಂಡರೆ ನಮ್ಮವ್ವನಿಗೆ ಆಗುತ್ತಿರಲಿಲ್ಲ. ‘ಮೊದ್ಲು ಒಗ್ಗರಣೆ ನೋಡು, ಸೀದೋಯ್ತದೆ’ ಎನ್ನುತ್ತಿದ್ದಳು. ಆದರೂ ಇಪ್ಪತ್ತು ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆ ಹುಟ್ಟಿದ್ದು ಅಡುಗೆಮನೆಯಲ್ಲೇ. ಅದನ್ನು ಹುಟ್ಟಿಸಿದವಳೂ ಅವಳೇ. ಪ್ರಶ್ನೆ ಇಷ್ಟು: ಹುಟ್ಟಿದ ಮಣ್ಣು ಒಂದು, ಉಣ್ಣುವ ಮಣ್ಣು ಇನ್ನೊಂದು ಆದಾಗ ಅನ್ನದ ಋಣ ಯಾವುದಕ್ಕೆ ಸಲ್ಲಬೇಕು?

ಮದುವೆಯಾಗಿ ಬೇರೆ ಊರು ಸೇರಿದ ಯಾವ ಹೆಣ್ಣುಮಗಳಿಗೂ ಇದು ಪೂರಾ ಹೊಸ ಪ್ರಶ್ನೆಯಲ್ಲ. ಮುದ್ದೆಯ ಸೀಮೆಯಿಂದ ರೊಟ್ಟಿಯ ಸೀಮೆಗೆ ಹೋದವಳು, ಕುಚ್ಚಲಕ್ಕಿ ಉಂಡು ಬೆಳೆದು ಬಯಲುಸೀಮೆಗೆ ಬಂದವಳು, ಎಲ್ಲರೂ ಒಂದಲ್ಲ ಒಂದು ದಿನ ಅತ್ತೆಮನೆಯ ಒಲೆಯ ಮುಂದೆ ನಿಂತು ಯೋಚಿಸಿದವರೇ: ತವರಿನ ರುಚಿಯನ್ನು ಇಲ್ಲಿಗೆ ತರಲೇ, ಇಲ್ಲಿಯ ರುಚಿಗೆ ನಾನೇ ಒಗ್ಗಲೇ? ನನ್ನ ಪಾಲಿಗೆ ಆ ದೂರ ಸ್ವಲ್ಪ ಹೆಚ್ಚಾಯಿತು, ಅಷ್ಟೇ.

ನಾನು ಮಂಡ್ಯ ಸೀಮೆಯವಳು. 1993ರ ಆಗಸ್ಟ್‌ನಲ್ಲಿ ಗಂಡನ ಕೆಲಸದ ಜೊತೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್ನಿಗೆ ಬಂದೆ. ಎರಡು ದೊಡ್ಡ ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ ಊರಿನ ಎದೆಭಾಗವಿದೆ. ಚಳಿಗಾಲದಲ್ಲಿ ಆ ಸರೋವರಗಳು ಹೆಪ್ಪುಗಟ್ಟಿ, ಜನ ಅದರ ಮೇಲೆ ನಡೆದಾಡುತ್ತಾರೆ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ನಾಲೆಯ ನೀರು ನೋಡಿ ಬೆಳೆದ ನನಗೆ ಮೊದಲ ವರ್ಷ ಅದನ್ನು ಕಂಡು ಹೊಟ್ಟೆಯಲ್ಲಿ ಏನೋ ತಳಮಳ. ನೀರೇ ಕಲ್ಲಾಗುವ ಊರಿನಲ್ಲಿ ಏನು ತಾನೇ ಬೆಳೆದೀತು ಎಂದುಕೊಂಡೆ. ಹಾಗೆಂದುಕೊಂಡು ಹತ್ತು ವರ್ಷ ಆ ಮಾತನ್ನು ಪರೀಕ್ಷಿಸಲೇ ಇಲ್ಲ.

ಎರಡು ತಿಂಗಳಿಗೊಮ್ಮೆ ಕಾರಿನಲ್ಲಿ ಸುಮಾರು 240 ಕಿಲೋಮೀಟರ್ ದೂರದ ಶಿಕಾಗೋಗೆ ಹೋಗುತ್ತಿದ್ದೆವು. ಅಲ್ಲಿಯ ಡೆವನ್ ಅವೆನ್ಯೂ ಎಂಬ ಬೀದಿಯಲ್ಲಿ ಸಾಲುಸಾಲು ಭಾರತೀಯ ಅಂಗಡಿಗಳು. ರಾಗಿಹಿಟ್ಟು, ತೊಗರಿಬೇಳೆ, ಹುಣಿಸೆಹಣ್ಣು, ಬೆರಳುದ್ದ ಕತ್ತರಿಸಿ ಹೆಪ್ಪುಗಟ್ಟಿಸಿದ ನುಗ್ಗೆಕಾಯಿ, ಗುಜರಾತಿನವರ ಲಿಲ್ವಾ ಎಂಬ ಹೆಸರಿನಲ್ಲಿ ಬರುವ ಅವರೆಕಾಳು, ತುರಿದ ತೆಂಗಿನಕಾಯಿಯ ಪೊಟ್ಟಣ. ಎಲ್ಲವನ್ನೂ ತಂದು ಫ್ರೀಜರಿಗೆ ತುಂಬುತ್ತಿದ್ದೆ. ಆ ಫ್ರೀಜರೇ ನನ್ನ ತವರುಮನೆಯಾಗಿತ್ತು. ಊರು ನೆನಪಾದಾಗ ಬಾಗಿಲು ತೆರೆದು ನೋಡುತ್ತಿದ್ದೆ. ಮುಖಕ್ಕೆ ತಣ್ಣನೆ ಹೊಗೆ ಬಡಿಯುತ್ತಿತ್ತು.

ಊಟಕ್ಕೆ ಬಂದ ಕನ್ನಡದ ಗೆಳತಿಯರು ‘ಹತ್ತು ವರ್ಷವಾದರೂ ನೀನು ಚೂರೂ ಬದಲಾಗಿಲ್ಲ ನೋಡು’ ಎಂದರೆ ನನಗೆ ಪದಕ ತೊಡಿಸಿದಷ್ಟು ಹಿಗ್ಗು. ಬದಲಾಗದೆ ಇರುವುದೇ ನಿಷ್ಠೆ ಎಂದು ನಂಬಿದ್ದೆ. ನಮ್ಮವರ ಅಡುಗೆಯನ್ನು ನಮ್ಮಲ್ಲಿಯ ಪದಾರ್ಥದಿಂದಲೇ ಮಾಡುವುದು, ಅದು ಎಷ್ಟೇ ದೂರದಿಂದ, ಎಷ್ಟೇ ಹಳೆಯದಾಗಿ ಬಂದರೂ ಸರಿ, ಹುಟ್ಟಿದ ಮಣ್ಣಿಗೆ ನಾನು ಕಟ್ಟುವ ಕಂದಾಯ ಎಂದುಕೊಂಡಿದ್ದೆ.

2003ರ ಮೇ ತಿಂಗಳಲ್ಲಿ ಅವ್ವ ಬಂದಳು. ಅದೇ ಮೊದಲು, ಅದೇ ಕೊನೆ. ಅಪ್ಪ ತೀರಿಕೊಂಡ ಮರುವರ್ಷ, ಅಣ್ಣನೇ ಒತ್ತಾಯ ಮಾಡಿ ಕಳಿಸಿದ್ದ. ನಾನು ಅವಳಿಗಾಗಿ ಶಿಕಾಗೋಗೆ ಎರಡು ಸಲ ಹೋಗಿ ಬಂದಿದ್ದೆ. ಮೊದಲ ದಿನವೇ ನುಗ್ಗೆಕಾಯಿ ಹುಳಿ, ಅವರೆಕಾಳಿನ ಉಪ್ಪಿಟ್ಟು. ನೋಡು, ಮಗಳು ಏನನ್ನೂ ಮರೆತಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಬಡಿಸಿದೆ. ಅವ್ವ ಉಂಡಳು. ಏನೂ ಅನ್ನಲಿಲ್ಲ. ದಿನದಿನಕ್ಕೆ ಅವಳ ಊಟ ಕಡಿಮೆಯಾಗುತ್ತ ಬಂತು. ಹದಿನೈದು ದಿನದ ಮೇಲೆ ನುಗ್ಗೆಕಾಯಿಯ ಒಂದು ತುಂಡನ್ನು ಅಗಿದು ತಟ್ಟೆಯ ಅಂಚಿಗಿಟ್ಟು, ‘ಇದ್ಕೆ ಜೀವಾನೇ ಇಲ್ವಲ್ಲ ಮಗ’ ಎಂದಳು. ನನಗೆ ಸಿಟ್ಟು ಬಂತು. ‘ಇದನ್ನು ತರೋಕೆ ಎಷ್ಟು ದೂರ ಹೋಗಬೇಕು ಗೊತ್ತಾ?’ ಎಂದೆ.

‘ಅದ್ಕೇ ಸತ್ತೋಗದೆ’ ಎಂದಳು ಅವ್ವ, ನಗದೆ.

ಜೂನ್ ಕೊನೆಯ ಒಂದು ಬೆಳಿಗ್ಗೆ ಅವಳು ಮನೆಯೊಳಗೆ ಕಾಣಲಿಲ್ಲ. ಹಿತ್ತಲಿಗೆ ಬಂದು ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಏನನ್ನೋ ಕೀಳುತ್ತಿದ್ದಾಳೆ. ಪಕ್ಕದಲ್ಲಿ ನನ್ನ ಹೂವಿನ ಚಿತ್ತಾರದ ಸ್ಟೀಲ್ ತಟ್ಟೆ. ಅದರ ತುಂಬ ಕಳೆ! ನನ್ನ ಗಂಡ ಆ ಶನಿವಾರವೇ ಔಷಧಿ ಹೊಡೆದು ಸಾಯಿಸಬೇಕೆಂದಿದ್ದ ಕಳೆ. ನನಗೆ ಮೊದಲು ಹೊಳೆದದ್ದು ಅವಳ ಆರೋಗ್ಯದ ಚಿಂತೆಯಲ್ಲ. ಪಕ್ಕದ ಮನೆಯವರು ನೋಡಿದರೆ ಏನೆಂದುಕೊಂಡಾರು ಎಂಬುದು. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ‘ಅವ್ವಾ, ಬಾ ಒಳಗೆ, ಇಲ್ಲಿ ಹಂಗೆಲ್ಲ ಕೀಳಬಾರದು’ ಎಂದು ಪಿಸುದನಿಯಲ್ಲಿ ಗದರಿಸಿದೆ.

ಅವ್ವ ಎದ್ದೇಳಲಿಲ್ಲ. ಒಂದು ಗಿಡವನ್ನು ಎತ್ತಿ ಎಲೆ ಮಗುಚಿ ತೋರಿಸಿದಳು. ಎಲೆಯ ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ‘ಇದು ಚಕ್ಕೋತ ಅಲ್ವೇನೆ?’ ಇನ್ನೊಂದು ಕೆಂಪು ದಂಟಿನ, ದಪ್ಪ ಎಲೆಯ ನೆಲಬಳ್ಳಿ: ಗೋಣಿಸೊಪ್ಪು. ಮೂರನೆಯದು ದಂಟಿನಸೊಪ್ಪಿನ ಕಾಡುಜಾತಿ. ‘ಅಲ್ಲಾ ಕಣವ್ವಾ, ಹತ್ತು ವರ್ಸ ಆಯ್ತು ನೀನಿಲ್ಲಿಗೆ ಬಂದು. ನಿನ್ನ ಹಿತ್ಲಲ್ಲಿ ಏನು ಬೆಳೀತದೆ ಅಂತ ಒಂದಿನಾನೂ ಬಗ್ಗಿ ನೋಡ್ಲಿಲ್ವಾ?’

ಆ ಹೊತ್ತಿಗೆ ನಾನು ಹೆದರಿದ್ದಂತೆಯೇ ಪಕ್ಕದ ಮನೆಯ ಮುದುಕಿ ಬೇಲಿಯ ಬಳಿ ಬಂದರು. ಎಂಬತ್ತು ದಾಟಿದವರು, ಹೈನುಗಾರಿಕೆಯ ಹಳ್ಳಿಯಲ್ಲಿ ಬೆಳೆದವರು. ತಟ್ಟೆಯನ್ನು ನೋಡಿ ಅವರ ಮುಖ ಅರಳಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ತಮ್ಮ ಅಜ್ಜಿ ಇದೇ ಸೊಪ್ಪನ್ನು ಬೇಯಿಸಿ ಹಾಕುತ್ತಿದ್ದರೆಂದೂ, ಅದರ ಹೆಸರು ಲ್ಯಾಂಬ್ಸ್ ಕ್ವಾರ್ಟರ್ಸ್ ಎಂದೂ, ತಾವು ಅದನ್ನು ತಿಂದು ಅರವತ್ತು ವರ್ಷವಾಗಿರಬಹುದೆಂದೂ ಹೇಳಿದರು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಒಂದು ಹಿಡಿ ಸೊಪ್ಪನ್ನು ಬೇಲಿಯ ಮೇಲಿಂದ ಅವರ ಕೈಗಿಟ್ಟಳು. ನಾಚಿಕೆಪಟ್ಟುಕೊಳ್ಳಬೇಕಾದವಳು ಅಲ್ಲಿ ನಾನೊಬ್ಬಳೇ.

ನಮ್ಮ ಕಡೆ ಬೆರಕೆ ಸೊಪ್ಪು ಎನ್ನುತ್ತೇವೆ. ಮಳೆ ಬಿದ್ದಮೇಲೆ ರಾಗಿಹೊಲದಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಹೊನಗೊನೆ, ಕಿರಕಸಾಲೆ, ಗೋಣಿ, ಜೊತೆಗೆ ಒಂದೆರಡು ಕುಂಬಳದ ಕುಡಿ, ಏನು ಸಿಕ್ಕಿತೋ ಅದು. ಇಂತಿಷ್ಟು ಇದು, ಇಂತಿಷ್ಟು ಅದು ಎಂಬ ಅಳತೆಯಿಲ್ಲ. ಬೇಳೆಯ ಜೊತೆ ಬೇಯಿಸಿ, ಕಟ್ಟು ಬಸಿದು, ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನಕಾಯಿ ರುಬ್ಬಿ ಹಾಕಿ ಹುಣಿಸೆಹುಳಿ ಬಿಟ್ಟು ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಅವತ್ತು ಮ್ಯಾಡಿಸನ್ನಿನ ಕಳೆಯಿಂದ ಅವ್ವ ಬಸ್ಸಾರು ಮಾಡಿದಳು. ಒಂದು ತಿಂಗಳಲ್ಲಿ ಮೊದಲ ಸಲ ಎರಡನೆಯ ಮುದ್ದೆ ಹಾಕಿಸಿಕೊಂಡಳು. ನಾನು ಸಹ.

ಊಟವಾದ ಮೇಲೆ ನನಗೆ ಒಂದು ಸಂಗತಿ ಹೊಳೆದು ಸುಮ್ಮನೆ ಕೂತೆ. ಅವ್ವನಿಂದ ನಾನು ಕಲಿತದ್ದು ಪದಾರ್ಥಗಳ ಪಟ್ಟಿ. ಅವಳ ಅಡುಗೆಯ ಮೂಲ ಬೇರೆಯೇ ಇತ್ತು. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ‘ಇವತ್ತು ಏನು ಕೊಡ್ತೀಯ?’ ಎಂದು ಮಣ್ಣನ್ನು ಕೇಳುವ ಅಭ್ಯಾಸ ಅದು. ನಾನು ಉತ್ತರವನ್ನು ಹೊತ್ತು ತಂದಿದ್ದೆ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಆ ಮೇಲಿನ ಪ್ರತಿ ಶನಿವಾರ ಅವ್ವನನ್ನು ಸಂತೆಗೆ ಕರೆದುಕೊಂಡು ಹೋದೆ. ಮ್ಯಾಡಿಸನ್ನಿನ ಶಾಸನಸಭೆಯ ಕಟ್ಟಡ 1917ರಲ್ಲಿ ಪೂರ್ತಿಯಾದದ್ದು, ನಮ್ಮ ವಿಧಾನಸೌಧದ ಹಾಗೆ ಊರಿಗೇ ಎದ್ದು ಕಾಣುವ ಬಿಳಿಯ ಗುಮ್ಮಟದ್ದು. ಅದರ ಸುತ್ತಲಿನ ಚೌಕದಲ್ಲಿ 1972ರಿಂದ ಈ ಸಂತೆ ನಡೆಯುತ್ತಿದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಬೆಳಗಿನ ಹೊತ್ತು. ಅಲ್ಲಿ ಒಂದು ಕಟ್ಟುನಿಟ್ಟು ಇದೆ: ಬೆಳೆದವರೇ ಮಾರಬೇಕು, ವಿಸ್ಕಾನ್ಸಿನ್ನಿನಲ್ಲೇ ಬೆಳೆದಿರಬೇಕು. ದಲ್ಲಾಳಿಗೆ ಜಾಗವಿಲ್ಲ. ಅವ್ವನಿಗೆ ಇದು ಬಹಳ ಹಿಡಿಸಿತು. ಹಿಡಿಸದೆ ಇದ್ದದ್ದು ಒಂದೇ. ಜನರೆಲ್ಲ ಆ ಚೌಕವನ್ನು ಎಡಗಡೆಗೆ ಇಟ್ಟುಕೊಂಡು ಸುತ್ತುವುದು ಅಲ್ಲಿಯ ರೂಢಿ. ‘ಗೋಪುರ ಅದೆ, ಸುತ್ತ ಜನ ಅವ್ರೆ, ಎಲ್ಲಾ ಅಪ್ರದಕ್ಷಿಣೆ ಹೋಯ್ತಾವ್ರಲ್ಲ!’ ಎಂದು ಅವಳು ಎದುರುದಿಕ್ಕಿಗೆ ನಡೆಯಲು ಹೊರಟು, ಬರುತ್ತಿದ್ದ ಜನರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಲ್ಲಿಯ ಒಂದು ಮೂಲೆಯಲ್ಲಿ ಸೊಪ್ಪು ಮಾರುವ ಒಬ್ಬ ಮಾಂಗ್ ಹೆಂಗಸಿದ್ದಳು. ಲಾವೋಸಿನ ಬೆಟ್ಟಗಳ ಜನ ಇವರು. ಅಲ್ಲಿಯ ಯುದ್ಧದಲ್ಲಿ ಅಮೆರಿಕದ ಪರವಾಗಿ ಕಾದಾಡಿ, 1975ರಲ್ಲಿ ಸೋತ ಪಕ್ಷದವರಾಗಿ, ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಇಲ್ಲಿಗೆ ಬಂದವರು. ಅಮೆರಿಕದಲ್ಲಿ ಕ್ಯಾಲಿಫೋರ್ನಿಯ, ಮಿನೆಸೋಟ ಬಿಟ್ಟರೆ ಇವರು ಹೆಚ್ಚಾಗಿ ಇರುವುದು ವಿಸ್ಕಾನ್ಸಿನ್ನಿನಲ್ಲೇ. ಅವಳ ಮಳಿಗೆಯಲ್ಲಿ ಕೊತ್ತಂಬರಿ, ಹಾಗಲಕಾಯಿ, ಮಾರುದ್ದದ ಅಲಸಂದೆ, ಕಟ್ಟು ಕಟ್ಟಿಟ್ಟ ಕುಂಬಳದ ಕುಡಿ! ಹತ್ತು ವರ್ಷ ಅದೇ ದಾರಿಯಲ್ಲಿ ಕಾರು ಓಡಿಸಿಕೊಂಡು ನಾನು ಶಿಕಾಗೋಗೆ ಹೋಗಿದ್ದೆ.

ಅವ್ವನಿಗೂ ಅವಳಿಗೂ ಒಂದೇ ಒಂದು ಮಾತು ಸಾಮಾನ್ಯವಾಗಿರಲಿಲ್ಲ. ಆದರೂ ಇಬ್ಬರೂ ಅರ್ಧ ಗಂಟೆ ವ್ಯವಹಾರ ಮಾಡುತ್ತಿದ್ದರು. ಅವ್ವ ದಂಟನ್ನು ಉಗುರಿನಿಂದ ಚಿವುಟಿ, ಪಟ್ಟೆಂದು ಮುರಿದರೆ ಎಳೆಯದು ಎಂದು ತಲೆಯಾಡಿಸುವಳು. ಅವಳೂ ತಲೆಯಾಡಿಸುವಳು. ಕುಂಬಳದ ಕುಡಿಯ ನಾರು ತೆಗೆಯುವುದನ್ನು ಒಬ್ಬರಿಗೊಬ್ಬರು ಮಾಡಿ ತೋರಿಸಿ, ಇಬ್ಬರದೂ ಒಂದೇ ರೀತಿ ಎಂದು ಕಂಡು ನಕ್ಕರು. ಒಮ್ಮೆ ನಾನು ಇಂಗ್ಲಿಷಿನಲ್ಲಿ ಅವಳ ಊರಿನ ಬಗ್ಗೆ ಕೇಳಿದೆ. ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದುಕೊಂಡೇ, ‘ಊರು ಇಲ್ಲ. ವಾಪಸು ಇಲ್ಲ’ ಎಂದು ಎರಡೇ ಮಾತು ಆಡಿದಳು. ಟಿಕೆಟ್ ಕೊಂಡರೆ ಯಾವ ವರ್ಷ ಬೇಕಾದರೂ ಊರಿಗೆ ಹೋಗಿ ಬರಬಹುದಾದ ನಾನು, ಊರಿನ ನೆನಪೆಂದು ಫ್ರೀಜರಿನ ಮುಂದೆ ಕಣ್ಣೀರು ಹಾಕುತ್ತಿದ್ದೆ. ಹೋಗಲಾರದ ಅವಳು ಹೊಸ ಮಣ್ಣಿನಲ್ಲಿ ಹಾಗಲದ ಬೀಜ ಊರಿದ್ದಳು.

ಹಾಗಾದರೆ ಋಣ ಉಣ್ಣುವ ಮಣ್ಣಿಗೇ ಸಲ್ಲಬೇಕು ಎಂದು ಅಲ್ಲಿಗೆ ತೀರ್ಮಾನ ಮಾಡಿಕೊಂಡೆ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ಜಂತೆ ಎಣಿಸುವುದಿರಲಿ, ಉಂಡ ಮನೆಯ ಕಡೆ ಕಣ್ಣೆತ್ತಿ ಕೂಡ ನೋಡಿರಲಿಲ್ಲ. ಅವ್ವ ಊರಿಗೆ ಮರಳಿದ ಮೇಲೆ ಹೊಸ ಧರ್ಮಕ್ಕೆ ಸೇರಿದವಳಂತೆ ಬದಲಾದೆ. ವಸಂತದಲ್ಲಿ ಶತಾವರಿಯ ಎಳೆ ಕುಡಿಗಳ ಪಲ್ಯ. ಹುಳಿ ದಂಟಿನ ರೂಬಾರ್ಬ್ ಸಿಕ್ಕಿದಾಗ ಹುಣಿಸೆಹಣ್ಣಿನ ಬದಲು ಅದನ್ನೇ ಹಾಕಿ ಗೊಜ್ಜು. ಶರತ್ಕಾಲದಲ್ಲಿ ಕ್ರ್ಯಾನ್ಬೆರಿಯ ಉಪ್ಪಿನಕಾಯಿ. ಅಮೆರಿಕದಲ್ಲಿ ಈ ಹಣ್ಣನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಯುವ ರಾಜ್ಯ ನಮ್ಮದೇ. ಚಳಿಗಾಲದಲ್ಲಿ ಏನೂ ಬೆಳೆಯದ ಐದು ತಿಂಗಳು ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಕೂಡಿಟ್ಟ ಕುಂಬಳ. ನಮ್ಮಜ್ಜಿ ಮಳೆಗಾಲಕ್ಕೆಂದು ಸಂಡಿಗೆ, ಬಾಳಕ ಒಣಗಿಸಿಡುತ್ತಿದ್ದಂತೆ ನಾನೂ ಬೇಸಿಗೆಯ ಸೊಪ್ಪು, ಟೊಮೆಟೊ ಒಣಗಿಸಿಡಲು ಕಲಿತೆ.

ಓದುತ್ತ ಹೋದಂತೆ ನನ್ನ ಪಕ್ಷಕ್ಕೆ ಬೇಕಾದಷ್ಟು ಸಾಕ್ಷಿಯೂ ಸಿಕ್ಕಿತು. ನಮ್ಮದು, ನಮ್ಮದು ಎಂದು ನಾನು ಹಂಬಲಿಸುತ್ತಿದ್ದ ಅಡುಗೆಯಲ್ಲಿ ಎಷ್ಟು ನಮ್ಮದು? ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸಿಹಿಗುಂಬಳ, ಹುರುಳಿಕಾಯಿ, ಇವೆಲ್ಲ ಹುಟ್ಟಿದ್ದು ಅಮೆರಿಕದ ಭೂಖಂಡಗಳಲ್ಲಿ. ಪೋರ್ಚುಗೀಸರು ಬಂದ ಮೇಲೆ ನಮ್ಮ ಕಡೆಗೆ ಬಂದವು. ಪರಂಗಿಹಣ್ಣು ತನ್ನ ಹೆಸರಿನಲ್ಲೇ ಪರದೇಶಿಯೆಂದು ಸಾರುತ್ತದೆ. ಮೆಕ್ಸಿಕೋ ಕಡೆಯ ತರಕಾರಿಯನ್ನು ನಾವು ಸೀಮೆಬದನೆ ಎಂದು ಹೊರಗಿನದಾಗಿ ಕರೆದರೆ, ತಮಿಳರೂ ತೆಲುಗರೂ ಅದನ್ನೇ ಬೆಂಗಳೂರು ಬದನೆ ಎಂದು ನಮ್ಮ ತಲೆಗೆ ಕಟ್ಟಿದ್ದಾರೆ. ಅಷ್ಟೇಕೆ, ನಮ್ಮ ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದದ್ದು. ಯಾವುದೂ ಹುಟ್ಟಿನಿಂದ ನಮ್ಮದಾಗಲಿಲ್ಲ. ಯಾರೋ ಒಬ್ಬಳು ಮೊದಲ ಸಲ ಹೆದರುತ್ತ ಸಾರಿಗೆ ಹಾಕಿದಳು, ನಮ್ಮದಾಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದೊಂದು ಸುಖಾಂತ್ಯದ ಕಥೆ. ನಾನೂ ಎಷ್ಟೋ ವರ್ಷ ಇಷ್ಟಕ್ಕೇ ನಿಲ್ಲಿಸಿದ್ದೆ.

2011ರ ಫೆಬ್ರವರಿಯ ಮೊದಲ ದಿನಗಳಲ್ಲಿ ಅಣ್ಣ ಫೋನ್ ಮಾಡಿದ. ಅವ್ವ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಈಗ ಹೊರಡು ಎಂದ. ಆ ವಾರ ನಮ್ಮ ಕಡೆ ಭಾರಿ ಹಿಮಗಾಳಿ. ಶಿಕಾಗೋದಲ್ಲಿ ವಿಮಾನಗಳು ನೆಲ ಬಿಟ್ಟೇಳಲಿಲ್ಲ. ನಾನು ಊರು ಮುಟ್ಟಿದಾಗ ಎಲ್ಲ ಮುಗಿದು ಮೂರು ದಿನವಾಗಿತ್ತು. ರಾತ್ರಿ ಅತ್ತಿಗೆ ನನಗೆ ಊಟಕ್ಕಿಟ್ಟು ಎದುರು ಕೂತರು. ಎರಡು ವರ್ಷ ಅವ್ವನನ್ನು ಎತ್ತಿ, ಮಲಗಿಸಿ, ತುತ್ತು ಉಣಿಸಿದವರು ಅವರು. ನಿಧಾನಕ್ಕೆ ಹೇಳಿದರು: ‘ಕೊನೇಲಿ ಬೆರಕೆ ಸೊಪ್ಪಿನ ಕಟ್ಟು ಕೇಳಿದ್ರು ಕಣವ್ವಾ. ಎಲ್ಲಿಂದ ತರ್ಲಿ? ಪಾಲಕ್ ಬೇಯ್ಸಿ ಎರಡು ಚಮಚ ಬಾಯ್ಗೆ ಬಿಟ್ಟೆ. ಕಣ್ಣು ಮುಚ್ಕೊಂಡೇ, ಇದು ಪ್ಯಾಟೆ ಸೊಪ್ಪು ಅಂದ್ರು.’

ಮಾಘಮಾಸ, ಮಳೆಯ ಕಾಲವಲ್ಲ, ಅದಕ್ಕೇ ಸಿಕ್ಕಲಿಲ್ಲ ಎಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಹೇಳಿಕೊಂಡು ಮ್ಯಾಡಿಸನ್ನಿಗೆ ಮರಳಿದೆ.

ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಪಟದ ಮುಂದೆ ಹೊಸ ಸೀರೆ, ಎಲೆಯ ಮೇಲೆ ಅವರಿಗೆ ಪ್ರಿಯವಾದದ್ದು. ಅವ್ವನಿಗೆ ಮೊದಲ ಎಡೆ. ಬೆರಕೆ ಸೊಪ್ಪಿನ ಬಸ್ಸಾರು ಇಡುತ್ತೇನೆ ಎಂದಾಗ ಒಬ್ಬ ಗೆಳತಿಗೆ ಕಸಿವಿಸಿಯಾಯಿತು. ‘ಬೇಲಿ ಬದಿಯ ಕಳೆಯನ್ನು ಹಿರಿಯರಿಗೆ ಇಡುತ್ತಾರೇನೆ? ಬೇಕಾದರೆ ಶಿಕಾಗೋದಿಂದ ಎಲ್ಲ ತರಿಸೋಣ’ ಎಂದಳು. ನಾನು ಕೇಳಲಿಲ್ಲ. ಚಕ್ಕೋತ ಆಗಲೇ ಬಲಿತು ಬೀಜ ಕಟ್ಟಿತ್ತು. ಗೋಣಿಸೊಪ್ಪು ಒಂದಿಷ್ಟು ಸಿಕ್ಕಿತು. ಉಳಿದ ಕುಡಿ, ದಂಟು ಆ ಮಾಂಗ್ ಹೆಂಗಸಿನ ಮಳಿಗೆಯಿಂದ. ರಾಗಿಹಿಟ್ಟು ಮಾತ್ರ ಶಿಕಾಗೋದ್ದೇ. ಎಡೆ ಇಟ್ಟು, ಬಾಗಿಲು ಮರೆಮಾಡಿ ಹೊರಗೆ ಕೂತಾಗ ಮನಸ್ಸು ಹಗುರವಾಯಿತು. ಕೇಳಿದ್ದನ್ನು ಕೊಟ್ಟೆ, ಋಣ ಸ್ವಲ್ಪವಾದರೂ ತೀರಿತು ಎನಿಸಿತು.

ಆ ಸಂತೋಷದಲ್ಲೇ ಅತ್ತಿಗೆಗೆ ಫೋನ್ ಮಾಡಿದೆ. ನೀವೇನು ಮಾಡಿದಿರಿ ಎಂದು ಕೇಳಿದೆ. ‘ಪಾಲಕ್ಕೇ ಕಣವ್ವಾ’ ಎಂದರು.

‘ಈಗ ಮಳೆಗಾಲ ಅಲ್ವಾ ಅತ್ತಿಗೆ, ಬೆರಕೆ ಸೊಪ್ಪು ಸಿಗಲಿಲ್ವಾ?’

ಒಂದು ಗಳಿಗೆ ಅವರು ಸುಮ್ಮನಿದ್ದರು. ‘ಹೊಲ ಇಲ್ವಲ್ಲ’ ಎಂದರು. ದೂರಿನ ದನಿಯಿರಲಿಲ್ಲ. ನೆನಪು ಮಾಡಿಕೊಟ್ಟ ದನಿ, ಅಷ್ಟೇ.

ಹೊಲ ಇರಲಿಲ್ಲ ನಿಜ. ಊರು ಬೆಳೆಯುತ್ತ ಬಂದು ನಮ್ಮ ಖುಷ್ಕಿ ಜಮೀನಿನ ಅಂಚು ಮುಟ್ಟಿದಾಗ, 2007ರಲ್ಲಿ, ಅದನ್ನು ಬಡಾವಣೆಗೆ ಮಾರಿದೆವು. ಮಾರಿದೆವು ಎಂದೇ ಹೇಳಬೇಕು. 2005ರ ಕಾನೂನು ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದು, ಕೊಳ್ಳುವವರು ನನ್ನ ರುಜುವನ್ನೂ ಕೇಳಿದ್ದರು. ಅಣ್ಣ ಕಾಗದ ಕಳಿಸಿದ. ನಾನು ಅದನ್ನು ಸರಿಯಾಗಿ ಓದಲೂ ಇಲ್ಲ. ನನ್ನ ಪಾಲಿನ ಹಣ ಬಂತು. ಬೇಡವೆನ್ನಲಿಲ್ಲ. ಆ ಹಣದಿಂದ ಮ್ಯಾಡಿಸನ್ನಿನ ಅಡುಗೆಮನೆಗೆ ಹೊಸ ಒಲೆ, ಹೊಸ ಕಪಾಟು ಹಾಕಿಸಿಕೊಂಡೆ. ಅಲ್ಲೇ ನಿಂತು, ಸ್ಥಳೀಯ ಸೊಪ್ಪಿನ ಹಿರಿಮೆಯ ಬಗ್ಗೆ ಗೆಳತಿಯರಿಗೆ ವರ್ಷಗಟ್ಟಲೆ ಉಪದೇಶ ಮಾಡಿದೆ. ಅವ್ವ ಕೊನೆಯ ಮಳೆಗಾಲದಲ್ಲಿ ಕೇಳಿದ್ದರೂ ಆ ಹೊಲದ ಸೊಪ್ಪು ಅವಳಿಗೆ ಸಿಗುತ್ತಿರಲಿಲ್ಲ. ಸಿಗದ ಹಾಗೆ ಮಾಡಿದ ಕೈಗಳಲ್ಲಿ ನನ್ನದೂ ಒಂದು.

ಅಣ್ಣನನ್ನಾಗಲೀ, ಮಾರಿದ್ದನ್ನಾಗಲೀ ನಾನು ತಪ್ಪೆನ್ನುತ್ತಿಲ್ಲ. ಸಾಲವಿತ್ತು, ಮಳೆ ನೆಚ್ಚಿದ ಭೂಮಿ, ಉಳುವವರಿರಲಿಲ್ಲ. ತಪ್ಪು ಬೇರೆ ಕಡೆ ಇದೆ. ಒಂದು ಮಣ್ಣಿಗೆ ಬಗ್ಗಿ ನಮಸ್ಕಾರ ಮಾಡುತ್ತ, ಇನ್ನೊಂದರ ಕಾಗದಕ್ಕೆ ಓದದೆ ರುಜು ಹಾಕಿದ್ದರಲ್ಲಿ ಇದೆ. ಹತ್ತಿರದ ಸೊಪ್ಪು ಕೊಂಡು ತಿನ್ನುವುದು ಸುಲಭದ ಪುಣ್ಯ. ರುಚಿಯೂ ಸಿಗುತ್ತದೆ, ಸಮಾಧಾನವೂ ಸಿಗುತ್ತದೆ. ಆ ಸಮಾಧಾನವನ್ನು ನಾನು ಇನ್ನೊಂದು ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೆ. ಬಸ್ಸಾರಿನಿಂದ ಅವ್ವನ ಋಣ ತೀರುವುದಾಗಿದ್ದರೆ, ಅವಳ ಹಾಸಿಗೆಯ ಪಕ್ಕ ಎರಡು ವರ್ಷ ಎಚ್ಚರವಿದ್ದ ಅತ್ತಿಗೆಯ ಪಾಲಕ್ಕಿನ ಕಟ್ಟಿಗೆ ಏನು ಬೆಲೆ? ಅದು ಪ್ಯಾಟೆ ಸೊಪ್ಪೇ. ಆದರೂ ಅವ್ವನ ಬಾಯಿಗೆ ಬಿದ್ದದ್ದು ಅದೇ, ನನ್ನ ಎಡೆಯ ಬೆರಕೆ ಸೊಪ್ಪಲ್ಲ.

ಮ್ಯಾಡಿಸನ್ನಿನ ಮಣ್ಣೂ ಅಷ್ಟು ಸರಳವಲ್ಲ ಎಂದು ಆಮೇಲೆ ತಿಳಿಯಿತು. ಈ ನೆಲ ಹೋ-ಚಂಕ್ ಎಂಬ ಮೂಲನಿವಾಸಿಗಳದು. ನಾಲ್ಕು ಸರೋವರಗಳ ಸೀಮೆ ಎಂಬರ್ಥದಲ್ಲಿ ಇದನ್ನು ಅವರು ದೇಜೋಪ್ ಎನ್ನುತ್ತಾರೆ. 1832ರಲ್ಲಿ ಒಂದು ಒಪ್ಪಂದಕ್ಕೆ ಅವರಿಂದ ಒತ್ತಾಯದ ರುಜು ಹಾಕಿಸಿಕೊಂಡು ಈ ನೆಲವನ್ನು ಸರ್ಕಾರ ತೆಗೆದುಕೊಂಡಿತು. ಮತ್ತೆ ಮತ್ತೆ ಅವರನ್ನು ಇಲ್ಲಿಂದ ಹೊರಗಟ್ಟಿದರು, ಮತ್ತೆ ಮತ್ತೆ ಅವರು ನಡೆದು ವಾಪಸು ಬಂದರು. ಸಂತೆಯಲ್ಲಿ ನಾನು ಕೊಳ್ಳುವ ಮುಸುಕಿನ ಜೋಳ, ಹುರುಳಿ, ಕುಂಬಳ ಮೂರನ್ನೂ ಒಟ್ಟಿಗೆ ಬೆಳೆಯುವ ಪದ್ಧತಿ ಈ ಖಂಡದ ಮೂಲಜನರದೇ. ಹಾಗಾಗಿ ‘ಇಲ್ಲಿಯ ಮಣ್ಣಿನ ಋಣ’ ಎಂದಾಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾರ ಮಣ್ಣು?

ಇಷ್ಟೆಲ್ಲ ಆದ ಮೇಲೆ ನಾನು ಫ್ರೀಜರಿಗೆ ಮರಳಿದೆನೇ? ಇಲ್ಲ. ಈಗಲೂ ಶನಿವಾರ ಸಂತೆಗೆ ಹೋಗುತ್ತೇನೆ. ಔಷಧಿ ಬೀಳದ ಜಾಗ ನೋಡಿ ಹಿತ್ತಲ ಸೊಪ್ಪು ಕೀಳುತ್ತೇನೆ. ಡೆವನ್ ಅವೆನ್ಯೂವಿನ ಅವರೆಕಾಳನ್ನೂ ಪೂರಾ ಬಿಟ್ಟಿಲ್ಲ. ಸಂಕ್ರಾಂತಿಯ ದಿನ ಅದು ಬೇಕೇ ಬೇಕು. ಬೆರಕೆ ಎಂದರೆ ಬೆರಕೆಯೇ. ಆದರೆ ಎರಡು ಋಣಗಳನ್ನು ಈಗ ಬೆರೆಸುವುದಿಲ್ಲ. ಉಣ್ಣುವ ಮಣ್ಣಿನ ಋಣವನ್ನು ಅದನ್ನು ಬಗ್ಗಿ ನೋಡಿ, ಅದರ ಹೆಸರು, ಹಿಂದಿನವರನ್ನು ತಿಳಿದು, ಅದು ಕೊಟ್ಟದ್ದನ್ನು ಚೆಲ್ಲದೆ ಉಂಡು ಒಂದಿಷ್ಟಾದರೂ ಸಲ್ಲಿಸಬಹುದು. ಬಿಟ್ಟು ಬಂದವರ ಋಣ ಹಾಗೆ ಸಲ್ಲುವುದಿಲ್ಲ. ಅದು ಅಡುಗೆಯಿಂದ ತೀರುವಂಥದ್ದಲ್ಲ. ಅದು ಇದೆ ಎಂದು ಒಪ್ಪಿಕೊಂಡು, ನಮ್ಮ ಬದಲಿಗೆ ಅದನ್ನು ಹೊತ್ತವರ ಮುಂದೆ ತಲೆ ತಗ್ಗಿಸಿ ಕೂರುವುದೊಂದೇ ನನಗೆ ಗೊತ್ತಿರುವ ದಾರಿ.

2023ರ ಆಗಸ್ಟ್‌ನಲ್ಲಿ ಊರಿಗೆ ಹೋಗಿದ್ದೆ. ಮಳೆ ಕಡಿಮೆಯಾದ ವರ್ಷ. ಆದರೂ ನಾನು ಹೋಗುವ ಮುಂಚೆ ಒಂದೆರಡು ಹದ ಬಿದ್ದಿತ್ತಂತೆ. ಸಂಜೆ ಅತ್ತಿಗೆ ‘ಬಾ, ಒಂದು ಸುತ್ತು ಹೋಗ್ಬರಾನ’ ಎಂದು ಕೈಗೊಂದು ಚೀಲ ಕೊಟ್ಟರು. ಬಡಾವಣೆಯಲ್ಲಿ ಅಲ್ಲಲ್ಲಿ ಮನೆಗಳೆದ್ದಿವೆ, ಅರ್ಧದಷ್ಟು ಸೈಟು ಇನ್ನೂ ಖಾಲಿ. ಗುರುತಿನ ಕಲ್ಲುಗಳ ನಡುವೆ, ಯಾರೂ ಬಿತ್ತದೆ, ಅಣ್ಣೆಸೊಪ್ಪು ಎದ್ದಿತ್ತು. ಪಕ್ಕದಲ್ಲಿ ಗೋಣಿ, ಒಂದೆರಡು ಹೊನಗೊನೆ. ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಇಬ್ಬರಿಗೂ ಮಂಡಿ ನೋವು, ಏಳುವಾಗ ಒಬ್ಬರ ಕೈ ಒಬ್ಬರು ಹಿಡಿಯಬೇಕು. ನಾನು ಒಂದು ಕಲ್ಲಿನ ಆಚೆಗೆ ಕೈ ಚಾಚಿದಾಗ ಅತ್ತಿಗೆ ತಡೆದರು.

‘ನೋಡ್ಕೊಂಡು ಕೀಳವ್ವಾ. ಆ ಕಡೇದು ಬೇರೇವ್ರದು.’

‘ಈ ಕಡೇದು?’ ಎಂದೆ.

ಅತ್ತಿಗೆ ಸೊಪ್ಪಿನ ಬೇರಿಗೆ ಅಂಟಿದ ಮಣ್ಣನ್ನು ಕೊಡವಿ ಅಲ್ಲೇ ಉದುರಿಸಿದರು. ‘ಇದೂ ಬೇರೇವ್ರದೇ’ ಎಂದು ನಕ್ಕು, ಚೀಲವನ್ನು ನನ್ನ ಕಡೆಗೆ ಸರಿಸಿದರು.